ಲಂಟಾನ ತೆಗೆದ ಜಾಗಕ್ಕೆ ಹುಲ್ಲು ಬರಬೇಕಾದರೆ

ಕಾಡನ್ನು ತುಂಬಿಕೊಂಡಿರುವ ಪರದೇಶಿ ಮುಳ್ಳುಪೊದೆ ಲಂಟಾನ. ಅದರ ಬುಡದ ಮಣ್ಣನ್ನು ಎರಡು ಬೆರಳಷ್ಟು ಕೆದಕಿ ನೋಡಿ. ಕಾಂಡ ಮುಗಿದು ಬೇರು ಶುರುವಾಗುವ ಕಡೆ ಗಂಟಿನ ಹಾಗೆ ದಪ್ಪಗಿರುತ್ತದೆ. ಗಿಡದ ಜೀವ ಇರುವುದು ಅಲ್ಲಿ. ಮಚ್ಚಿನಿಂದ ನೆಲಮಟ್ಟಕ್ಕೆ ಕಡಿದರೂ, ಬೆಂಕಿ ಇಟ್ಟರೂ ಗಂಟು ಸಾಯುವುದಿಲ್ಲ. ಒಂದು ಮಳೆ ಬಿದ್ದರೆ ಸಾಕು, ಸುತ್ತಲೂ ಚಿಗುರು. ಜೆಸಿಬಿ ಬಿಟ್ಟು ಬೇರುಸಹಿತ ಎತ್ತಿಸಿದರೆ ಇನ್ನೊಂದು ತೊಂದರೆ: ಮಣ್ಣು ಬುಡಮೇಲಾಗಿ, ಒಳಗೆ ಕೂತಿದ್ದ ಬೀಜಕ್ಕೆಲ್ಲ ಬೆಳಕು ಸಿಕ್ಕಿ, ಮುಂದಿನ ಮಳೆಗೆ ಸಸಿಮಡಿಯ ಹಾಗೆ ಎದ್ದು ನಿಲ್ಲುತ್ತವೆ.

ಆದ್ದರಿಂದ ಗಂಟಿನ ಕೆಳಗೆ ಬೇರು ಕತ್ತರಿಸುವುದೇ ಸರಿ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿ ಉತ್ತರಾಖಂಡದ ಹುಲಿ ಕಾಡು ಕಾರ್ಬೆಟ್‌ನಲ್ಲಿ ಬಳಸಿದ ಈ ಕ್ರಮಕ್ಕೆ ಯಂತ್ರ ಬೇಡ, ಔಷಧಿ ಬೇಡ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಬಂಡೀಪುರದ ಅಂಚಿನ ಪೋಡು, ಹಾಡಿಗಳೆಂಬ ಆದಿವಾಸಿ ಊರುಗಳವರ ಕೈಯಲ್ಲಿರುವ ಗುದ್ದಲಿಯೇ ಸಾಕು.

ಮೊದಲು ಕಾಗದಪತ್ರ. ಸಂರಕ್ಷಿತ ಪ್ರದೇಶದೊಳಗೆ ಒಂದು ಕಡ್ಡಿ ಮುರಿಯಲೂ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿರುವ ಕಡೆ (ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳಿಗೆ 2011ರಲ್ಲಿ ಸಿಕ್ಕಿತು) ಗ್ರಾಮಸಭೆಯ ಕಾಡು ಸಂರಕ್ಷಣಾ ಸಮಿತಿಯಲ್ಲಿ ಠರಾವು ಮಾಡಿ, ಜಾಗದ ನಕ್ಷೆಯ ಜೊತೆ ವಲಯ ಅರಣ್ಯಾಧಿಕಾರಿಗೆ ಕೊಡಿ. ಹಕ್ಕುಪತ್ರ ಇಲ್ಲದ ಕಡೆ, ಅರಣ್ಯ ಇಲಾಖೆ ಊರಿನವರ ಜೊತೆ ಮಾಡಿರುವ ಪರಿಸರ ಅಭಿವೃದ್ಧಿ ಸಮಿತಿಯ ಮೂಲಕ ಹೋಗಿ. ಬಾಯಿಮಾತಿನ ಒಪ್ಪಿಗೆ ನಂಬಿ ಕೆಲಸ ಶುರುಮಾಡಬೇಡಿ. ಅಧಿಕಾರಿ ವರ್ಗವಾದರೆ ಆ ಮಾತೂ ವರ್ಗವಾಗುತ್ತದೆ.

ಮೊದಲ ವರ್ಷಕ್ಕೆ ಒಂದೆರಡು ಎಕರೆ ಸಾಕು. ಹಳೆಯ ಹುಲ್ಲಿನ ಬುಡಗಳು ಇನ್ನೂ ಅಲ್ಲಲ್ಲಿ ಉಳಿದಿರುವ ಅಂಚಿನಿಂದ ಶುರುಮಾಡಿ, ದಟ್ಟ ಮೆಳೆಯ ನಡುವಿನಿಂದಲ್ಲ. ಮುಂಗಾರಿಗೆ ಮುಂಚಿನ ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಕಾಯಿ ಕಪ್ಪಾಗುವ ಮೊದಲು ಕೆಲಸ ಆಗಬೇಕು. ಕಾಯಿ ಹಣ್ಣಾದ ಗಿಡವನ್ನು ಎಳೆದಾಡಿದರೆ ದಾರಿಯುದ್ದಕ್ಕೂ ನೀವೇ ಬಿತ್ತನೆ ಮಾಡಿದಂತೆ.

ಮೆಳೆಗೆ ಕೈಹಾಕುವ ಮುನ್ನ ಗದ್ದಲ ಮಾಡಿ, ಕೋಲಿನಿಂದ ಬಡಿಯಿರಿ. ಆನೆ, ಕರಡಿ, ಚಿರತೆ ಮೂರೂ ಹಗಲು ಇದರ ನೆರಳಲ್ಲೇ ಮಲಗುವುದು. ದಪ್ಪ ಕೈಗವಸು, ಪಾದ ಮುಚ್ಚುವ ಬೂಟು, ತುಂಬುತೋಳಿನ ಅಂಗಿ ಇಲ್ಲದೆ ಒಳಗೆ ಹೋಗಬೇಡಿ. ಮುಳ್ಳಿಗಿಂತ ಮಂಡಲದ ಹಾವು, ಉಣ್ಣೆ ಹುಳದ ಭಯ ದೊಡ್ಡದು. ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಮಲೆನಾಡಿಗಷ್ಟೇ ಎನ್ನುವಂತಿಲ್ಲ, 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತ್ತು. ಸಂಜೆ ಮೈ, ಬಟ್ಟೆ ತಡಕಿ ನೋಡಿ, ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಅಲ್ಲಿಂದ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ.

ಒಂದು ಬುಡಕ್ಕೆ ಇಬ್ಬರು ಬೇಕು. ಒಬ್ಬರು ಕವೆಗೋಲಿನಿಂದ ಇಡೀ ಪೊದೆಯನ್ನು ಒಂದು ಕಡೆಗೆ ಒತ್ತಿ ಹಿಡಿಯಬೇಕು, ಬುಡ ಬಯಲಾಗುತ್ತದೆ. ಬುಡಕ್ಕೆ ದಾರಿ ಇಲ್ಲದಷ್ಟು ಹೆಣೆದುಕೊಂಡಿದ್ದರೆ ಮಾತ್ರ ಹೊರಗಿನ ಕಾಂಡ ಸವರಿ. ಇನ್ನೊಬ್ಬರು ಬುಡದ ಪಕ್ಕಕ್ಕೆ ಗುದ್ದಲಿ ಇಳಿಸಿ, ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಓರೆಯಾಗಿ ಕಡಿಯಬೇಕು. ಬಂದ ತುಂಡನ್ನು ಕೈಗೆತ್ತಿಕೊಂಡು ನೋಡಿ: ಗಂಟು ಪೂರ್ತಿ ಅದರಲ್ಲೇ ಇದ್ದು, ಕೆಳಗೆ ಬೇರಿನ ಮೋಟು ಕಾಣಬೇಕು. ಗಂಟು ಅರ್ಧ ಸೀಳಿದ್ದರೆ ಉಳಿದರ್ಧ ಮಣ್ಣಿನಲ್ಲಿದೆ, ಇನ್ನೊಂದು ಏಟು ಹಾಕಿ ಅದನ್ನೂ ತೆಗೆಯಿರಿ. ಗುಂಡಿ ದೊಡ್ಡದಾಗದಿರಲಿ, ಅಂಗೈ ಅಗಲ ಸಾಕು. ಮಣ್ಣು ಮುಚ್ಚಿ ಮೆಟ್ಟಿ.

ಕಿತ್ತ ಗಿಡವನ್ನು ಬೇರು ಮೇಲೆ ಮಾಡಿ, ತಲೆಕೆಳಗಾಗಿ ಬಂಡೆಯ ಮೇಲೋ ಇನ್ನೊಂದು ಪೊದೆಯ ಮೇಲೋ ಇಡಿ. ಒದ್ದೆ ನೆಲಕ್ಕೆ ತಾಗಿಸಿ ಮಲಗಿಸಿದರೆ ಕಾಂಡ ಮತ್ತೆ ಬೇರು ಬಿಡುತ್ತದೆ. ಮರದ ಬುಡಕ್ಕೆ ಮಾತ್ರ ರಾಶಿ ಹಾಕಬೇಡಿ. ಮಾಗಿ ಕಳೆದ ಮೇಲೆ ಆ ಒಣ ರಾಶಿಗೆ ಕಿಡಿ ಬಿದ್ದರೆ ಉರಿ ಮರದ ನೆತ್ತಿಗೇ ಏರುತ್ತದೆ. ಸೋಲಿಗರ ಹಳೆಯ ತರಗು ಬೆಂಕಿ ನೆಲದ ಎಲೆಯನ್ನಷ್ಟೇ ಸುಟ್ಟು ಮುಂದೆ ಹೋಗುತ್ತಿತ್ತು. ಲಂಟಾನ ತುಂಬಿದ ಕಾಡಿನಲ್ಲಿ ಅದೇ ಬೆಂಕಿ ಬೇರೆಯೇ ಆಗುತ್ತದೆ. ಅನುಮತಿ ಇಲ್ಲದೆ ಕಡ್ಡಿ ಗೀರುವುದು ಈಗ ಅಪರಾಧವೂ ಹೌದು.

ನೇರವಾದ ದಪ್ಪ ಕಾಂಡಗಳನ್ನು ಆರಿಸಿ ಇಡಬಹುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇವನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿದ್ದಾಗಲೇ ಬಗ್ಗಿಸಿ ಕುರ್ಚಿ ಮಾಡುತ್ತಾರೆ. ಆದಾಯ ಒಳ್ಳೆಯದೇ. ಆದರೆ ಕುರ್ಚಿಗೆಂದು ಕಾಂಡ ಮಾತ್ರ ಕಡಿದು ಬುಡ ಬಿಟ್ಟು ಬಂದರೆ ಕಾಡಿಗೆ ಏನೂ ಲಾಭವಿಲ್ಲ.

ಇಷ್ಟಾದರೆ ಅರ್ಧ ಕೆಲಸವೂ ಮುಗಿದಿಲ್ಲ. ಬಯಲಾದ ನೆಲವನ್ನು ಹಾಗೇ ಬಿಟ್ಟರೆ ಪಾರ್ಥೇನಿಯಂ, ಕಮ್ಯುನಿಸ್ಟ್ ಗಿಡದಂಥ ಕಳೆಗಳು ಬಂದು ಕೂರುತ್ತವೆ. ಹಿಂದಿನ ವರ್ಷವೇ, ಮಳೆಗಾಲ ಕಳೆದು ಹುಲ್ಲು ಬಲಿತಾಗ, ತೆನೆ ಸವರಿದರೆ ಬೀಜ ಕೈಗೆ ಉದುರುವ ಹದದಲ್ಲಿ, ಅದೇ ಕಾಡಿನ ಕರಡ, ಗಂಜಣಿಯಂಥ ಹುಲ್ಲುಗಳ ಬೀಜ ಕೂಡಿಸಿ. ಒಂದೇ ಜಾಗ ಬೋಳು ಮಾಡದೆ ಅಲ್ಲಿಷ್ಟು ಇಲ್ಲಿಷ್ಟು ತೆಗೆಯಿರಿ. ನೆರಳಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಹಿಡಿಯುತ್ತದೆ. ಹೊಸ ಬೀಜ ಸರಿಯಾಗಿ ಮೊಳೆಯದು, ಕೆಲವು ತಿಂಗಳು ಹಳತಾಗಬೇಕು. ಮಳೆ ನಿಂತುಹೋಗದು ಎಂಬ ಭರವಸೆ ಬಂದ ಮೇಲೆ ಮರಳಿನ ಜೊತೆ ಬೆರೆಸಿ ಚೆಲ್ಲಿ, ಮೇಲೆ ಒಣಹುಲ್ಲು ತೆಳ್ಳಗೆ ಹರಡಿ. ಇಳಿಜಾರಿನಲ್ಲಿ ಬೀಜ ಕೊಚ್ಚಿಹೋಗುವುದರಿಂದ ಹುಲ್ಲಿನ ಬುಡ ಸೀಳಿ ಮೂರು ನಾಲ್ಕು ಕಡ್ಡಿಯ ಸಸಿಗಳನ್ನು ಗೇಣಿಗೊಂದರಂತೆ ನೆಡಿ. ಬೇಗ ಹಸಿರಾಗುತ್ತದೆಂದು ಗಿನಿ ಹುಲ್ಲು ತಂದು ಹಾಕುವವರಿದ್ದಾರೆ. ಒಂದು ಪರದೇಶಿಯ ಜಾಗಕ್ಕೆ ಇನ್ನೊಂದು ಬಂದಂತಾಯಿತು, ಅಷ್ಟೇ.

ಪಿಕಳಾರ, ಗೊರವಂಕಗಳು ಹಣ್ಣು ತಿಂದು ಕೂರುವ ಮರಗಳ ಕೆಳಗೆ ಲಂಟಾನದ ಸಸಿ ಮತ್ತೆ ಬರುತ್ತದೆ. ನೆಲ್ಲಿ, ಮತ್ತಿ, ಹೊನ್ನೆಯ ಸಸಿಗಳೂ ಅಲ್ಲೇ ಇರುವುದರಿಂದ ಎಲೆ ಹಿಸುಕಿ ಮೂಸಿ ನೋಡಿ: ಕಟು ವಾಸನೆ, ಒರಟು ಎಲೆ, ಚೌಕ ಕಾಂಡ ಇದ್ದರೆ ಲಂಟಾನ. ಒದ್ದೆ ಮಣ್ಣಿನಲ್ಲಿ, ಗೇಣುದ್ದ ಆಗುವ ಮೊದಲು ಎರಡು ಬೆರಳಲ್ಲೇ ಬರುತ್ತದೆ. ಮೊದಲೆರಡು ವರ್ಷ ಮಳೆಗಾಲದ ನಡುವೆ ಒಮ್ಮೆ, ಹಿಂಗಾರು ಮುಗಿಯುವ ಹೊತ್ತಿಗೆ ಒಮ್ಮೆ, ಮೂರನೇ ವರ್ಷ ಒಂದು ಸಲ ಸುತ್ತಿ ಬನ್ನಿ. ಕೂಲಿಯ ಹಣದಲ್ಲಿ ಈ ಸುತ್ತುಗಳ ಪಾಲನ್ನು ಮೊದಲ ದಿನವೇ ತೆಗೆದಿಡಿ. ಎರಡನೇ ವರ್ಷದ ಕೆಲಸ ಕಣ್ಣಿಗೆ ಕಾಣದ್ದರಿಂದ ಆಮೇಲೆ ಯಾರೂ ಕೊಡುವುದಿಲ್ಲ.