ಪೇಟೆ ಧಾರಣೆ ಬರೆಯುವ ಮುಂಚೆ ರೈತರ ಮಾರಾಟ ಪಟ್ಟಿ ನೋಡಿ

‘ಬ್ಯಾಡಗಿ ಮೆಣಸಿನಕಾಯಿಗೆ ಬಂಪರ್ ಬೆಲೆ’ ಅನ್ನೋ ಸುದ್ದಿ ಓದಿರುತ್ತೀರಿ. ಸುಳ್ಳಲ್ಲ. ಆದರೆ ಆ ಬೆಲೆ ಎಷ್ಟು ಚೀಲಕ್ಕೆ ಸಿಕ್ಕಿತು ಅನ್ನೋದು ಅದರಲ್ಲಿ ಇರುವುದೇ ಇಲ್ಲ.

ಮಾರುಕಟ್ಟೆ ವರದಿ ಕಲಿಯುವವರು ಮೊದಲು ಒಂದೇ ಪೇಟೆ, ಒಂದೇ ಬೆಳೆ ಹಿಡಿಯಿರಿ. ಬ್ಯಾಡಗಿಯನ್ನೇ ತಗೊಳ್ಳಿ. ಅಲ್ಲಿ ಸೋಮವಾರ, ಗುರುವಾರ ಮಾರಾಟ. ಹೋಗುವ ಮುಂಚೆ ಕೃಷಿ ಮಾರಾಟ ವಾಹಿನಿ ಜಾಲತಾಣದಿಂದ ಹಿಂದಿನ ಮೂರ್ನಾಲ್ಕು ವರ್ಷ ಇದೇ ತಿಂಗಳಲ್ಲಿದ್ದ ಆವಕ (ಪೇಟೆಗೆ ಬಂದ ಮಾಲು), ದರ ಎರಡನ್ನೂ ಬರೆದುಕೊಳ್ಳಿ. ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ಜಾಸ್ತಿ ಮಾಲು ಹೋದ ದರವೇ ಮಾದರಿ ದರ. ತಲೆಬರಹಕ್ಕೆ ಬೇಕಾದದ್ದು ಅದು. ಗರಿಷ್ಠ ದರ ನಾಲ್ಕೇ ಚೀಲದ ಒಂದು ಲಾಟ್‌ಗೆ ಸಿಕ್ಕಿರಬಹುದು, ಅದನ್ನು ನಂಬಿ ಬಳ್ಳಾರಿ ಕಡೆಯ ರೈತರು ಬಾಡಿಗೆ ಕೊಟ್ಟು ಲಾರಿ ತುಂಬಿಕೊಂಡು ಬಂದರೆ ನಷ್ಟ ಅವರದು, ಅಲ್ವಾ?

ತಳಿ ಬೆರೆಸಬೇಡಿ. ಡಬ್ಬಿ, ಕಡ್ಡಿ, ಗುಂಟೂರು ಮೂರಕ್ಕೂ ಬೇರೆ ಬೇರೆ ದರ. ಡಬ್ಬಿಯಲ್ಲಿ ಖಾರ ಕಡಿಮೆ, ಬಣ್ಣಕ್ಕೇ ಬೆಲೆ. ಕಾಯಿ ಹಸಿಯಾಗಿದ್ದರೆ ದರ ಬೀಳುತ್ತದೆ, ಹಾಗಾಗಿ ಕೈಯಲ್ಲಿ ಹಿಡಿದು ನೋಡಿ.

ಬೆಳಿಗ್ಗೆ ಬೇಗ ಹೋಗಿ. ಎಷ್ಟು ಲೋಡ್ ಇಳಿಯಿತು ಅಂತ ಹಮಾಲರನ್ನು ಕೇಳಿ. ಖರೀದಿದಾರರನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಹಳೇ ಮಾಲು ಎಷ್ಟಿದೆ ಅಂತ ಕೇಳಿ. ದರ ಯಾಕೆ ಇಳಿಯಿತು ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 2024ರ ಮಾರ್ಚ್ 11ರಂದು ದರ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದು ಇದೇ ಪೇಟೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಅಂಥ ದಿನ ಬೆಂಕಿಯ ಫೋಟೊ ಜತೆಗೆ ಹಿಂದಿನ ಗುರುವಾರದ ದರ, ಆವಕವನ್ನೂ ಹಾಕಿದರೆ ಓದುವವರಿಗೆ ಕಾರಣ ಕಾಣುತ್ತದೆ.

ಕೊನೆಗೆ ಪಟ್ಟಿ, ಅಂದರೆ ಮಾಲು ಮಾರಿದ ಮೇಲೆ ದಲಾಲರು ರೈತರಿಗೆ ಕೊಡುವ ಅಧಿಕೃತ ಬಿಲ್ಲು. ತೂಕ ಎಷ್ಟು, ಹಮಾಲಿ ಎಷ್ಟು, ಕೈಗೆ ಬಂದದ್ದೆಷ್ಟು ನೋಡಿ. ನಮ್ಮ ರಾಜ್ಯದಲ್ಲಿ ದಲಾಲರು ರೈತರಿಂದ ಕಮಿಷನ್ ಹಿಡಿಯುವ ಹಾಗಿಲ್ಲ, ಅದನ್ನು ಖರೀದಿದಾರರೇ ಕೊಡಬೇಕು. ಪಟ್ಟಿ ಬದಲು ಅನಧಿಕೃತ ಬಿಳಿ ಚೀಟಿ ಕೊಟ್ಟಿದ್ದರೆ, ಸುದ್ದಿ ಅಲ್ಲಿದೆ. ಆದರೆ ಒಂದೇ ಚೀಟಿ ನೋಡಿ ಬರೆಯಬೇಡಿ, ಐದಾರು ಜನರದ್ದು ನೋಡಿ, ದಲಾಲರನ್ನೂ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಕಾರ್ಯದರ್ಶಿಯನ್ನೂ ಕೇಳಿ.

ಹೆಸರು ಹಾಕುವ ಮುಂಚೆ ಆ ರೈತರಿಗೆ ಫೋನ್ ಮಾಡಿ, ಬರೆದದ್ದನ್ನು ಓದಿ ಹೇಳಿ. ಬಿತ್ತನೆಗೆ ದಲಾಲರಿಂದ ಮುಂಗಡ ತಂದವರು ಮುಂದಿನ ವರ್ಷವೂ ಅದೇ ದಲಾಲರ ಅಂಗಡಿಗೇ ಮಾಲು ಹಾಕಬೇಕು.