ಎಕನಾಮಿಕ್ಸ್ ಹುಡುಗ, ಊರ ಕೆರೆ, ಬೆಳಗಿನ ಐದೂವರೆ

ನಂದು ಬಿಎ, ಮೇಜರ್ ಎಕನಾಮಿಕ್ಸ್. ಮೈನರ್ ಅಂತ ಪರಿಸರ ಅಧ್ಯಯನ ತಗೊಂಡಿದ್ದು ಸ್ಕೋರಿಂಗ್ ಸಬ್ಜೆಕ್ಟು ಅಂತ ಸೀನಿಯರ್ ಒಬ್ಬ ಹೇಳಿದ್ದಕ್ಕೆ, ಬೇರೆ ಘನ ಕಾರಣ ಏನಿಲ್ಲ. ಎಲ್ರಿಗೂ ಕಡ್ಡಾಯ ಇರೋ ಎನ್ವಿರಾನ್‌ಮೆಂಟ್ ಪೇಪರ್ ಇದ್ಯಲ್ಲ, ಅದೇ ಥರ ಗೈಡ್ ಓದಿ ಬರೆದ್ರಾಯ್ತು ಅನ್ಕೊಂಡಿದ್ದೆ. ನೋಡಿದ್ರೆ ಕೆಮಿಸ್ಟ್ರಿ, ಬಾಟನಿ, ಹಿಸ್ಟರಿ, ನಮ್ಮ ಡಿಪಾರ್ಟ್‌ಮೆಂಟು, ನಾಲ್ಕೂ ಕಡೆ ಮೇಷ್ಟ್ರುಗಳು ಹಂಚ್ಕೊಂಡು ಮಾಡೋ ಪೇಪರು, ಒಬ್ರ ಟೈಮ್‌ಟೇಬಲ್ ಇನ್ನೊಬ್ರಿಗೆ ಕೂಡಲ್ಲ, ಶನಿವಾರ ಮಧ್ಯಾಹ್ನನೂ ಕ್ಲಾಸು.

ಪ್ರಾಜೆಕ್ಟಿಗೆ ನಮ್ಮೂರ ಕೆರೆನೇ ಹಿಡ್ಕೊಂಡೆ. ನಮ್ದು ಕೋಲಾರದ ಕಡೆ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬರೋಕೆ ಶುರುವಾಯ್ತಲ್ಲ, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಪೈಪಲ್ಲಿ ನಮ್ಮ ಕೆರೆಗಳಿಗೆ ಬಿಡೋದು, ದಿನಕ್ಕೆ 440 ದಶಲಕ್ಷ ಲೀಟರ್ ಅಂತ ಪ್ಲಾನು. ಅಂತರ್ಜಲಕ್ಕೆ ಮಾತ್ರ, ನೇರ ಗದ್ದೆಗೆ ಬಿಡಂಗಿಲ್ಲ. ಊರಲ್ಲಿ ಎರಡು ಪಾರ್ಟಿ ಆಗೋಗಿತ್ತು, ಗಂಗಮ್ಮ ಬಂದ್ಲು ಅನ್ನೋರು, ವಿಷ ಬಂತು ಅನ್ನೋರು.

ನೀರಲ್ಲಿ ಕರಗಿರೋ ಆಕ್ಸಿಜನ್ ಅಳೀಬೇಕಿತ್ತು. ಮೊದಲ ಸಲ ಬಿಸ್ಲೆರಿ ಬಾಟಲಿಯಲ್ಲಿ ಅರ್ಧ ತುಂಬ್ಕೊಂಡು ಬಸ್ಸಲ್ಲಿ ತಂದೆ, ಲ್ಯಾಬಲ್ಲಿ ಎಲ್ರೂ ನಕ್ಕರು. ಗಾಜಿನ ಬಾಟಲೀನ ನೀರೊಳಗೇ ಗುಳ್ಳೆ ಇಲ್ದಂಗೆ ಮುಚ್ಚಿ, ಇರೋ ಆಕ್ಸಿಜನ್ ಹಂಗೇ ಹಿಡಿದಿಡೋಕೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟು, ಕ್ಷಾರದ ಅಯೋಡೈಡು ಹಾಕ್ಬೇಕಂತೆ. ಆಕ್ಸಿಜನ್ ಜಾಸ್ತಿ ಇದ್ದಷ್ಟೂ ತಳಕ್ಕೆ ಇಳಿಯೋ ಗಷ್ಟು ಕಂದಾಗುತ್ತೆ. ಎರಡನೇ ಸಲ ಹಂಗೇ ಮಾಡ್ದೆ, ಕಂದು ಬಣ್ಣದ ಗಷ್ಟು ದಪ್ಪಗೆ ಇಳೀತು, ಲ್ಯಾಬಲ್ಲಿ ಟೈಟ್ರೇಷನ್ ಮಾಡಿದ್ರೆ ಲೀಟರಿಗೆ 11 ಮಿಲಿಗ್ರಾಂ! ಚೊಕ್ಕ ನೀರೇ 25 ಡಿಗ್ರಿಲಿ 8ರ ಹತ್ರ ನಿಲ್ಲುತ್ತೆ. ನಮ್ಮ ಕೆರೆ ಸೂಪರ್ ಅಂತ ರಿಪೋರ್ಟ್ ಬರೆದೇಬಿಟ್ಟಿದ್ದೆ.

ಬಾಟನಿ ಮೇಡಂ ಕೇಳಿದ್ದು ಎರಡೇ ಮಾತು. "ನೀರು ಯಾವ ಬಣ್ಣ ಇತ್ತಪ್ಪಾ?" ಹಸಿರು ಮೇಡಂ. "ಎಷ್ಟೊತ್ತಿಗೆ ತಗೊಂಡೆ?" ಮಧ್ಯಾಹ್ನ ಹನ್ನೆರಡೂವರೆ. "ಹೊತ್ತು ಹುಟ್ಟೋಕ್ಮುಂಚೆ ಇನ್ನೊಂದ್ಸಲ ಹೋಗು."

ಬೆಳಗ್ಗೆ ಐದೂವರೆಗೆ ಏರಿ ಇಳಿದು ಅದೇ ಜಾಗದಲ್ಲಿ ಬಾಟಲಿ ಮುಳುಗಿಸ್ದೆ. ಟಾರ್ಚ್ ಬೆಳಕಲ್ಲಿ ನೋಡ್ತೀನಿ, ಗಷ್ಟು ಕಂದಾಗ್ಲೇ ಇಲ್ಲ, ಪೇಲವ, ಹೆಚ್ಚೂಕಮ್ಮಿ ಬಿಳಿ. ಲೆಕ್ಕ ಹಾಕೋ ಮುಂಚೆನೇ ಗೊತ್ತಾಯ್ತು. 2ಕ್ಕೂ ಕಮ್ಮಿ. ಹಗಲೆಲ್ಲಾ ಪಾಚಿ ಆಕ್ಸಿಜನ್ ಬಿಡುತ್ತೆ, ರಾತ್ರಿ ಅದೇ ಪಾಚಿ, ಬ್ಯಾಕ್ಟೀರಿಯಾ ಎಲ್ಲಾ ಸೇರಿ ಉಸಿರಾಡಿ ಖಾಲಿ ಮಾಡ್ತವೆ. ಎರಡು ಹಂತದ ಶುದ್ಧೀಕರಣದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗಲ್ಲ, ಅದೇ ಪಾಚಿಗೆ ಗೊಬ್ಬರ. ಮೂರನೇ ಹಂತ ಬೇಕು ಅಂತ ನಮ್ಮ ಕಡೆಯೋರು ಕೂಗ್ತಿದ್ದಿದ್ದು ಯಾಕೆ ಅಂತ ಆವತ್ತು ತಲೆಗೆ ಹೋಯ್ತು, ಅಲ್ಲೀವರೆಗೂ ಅದು ರಾಜಕೀಯ ಅಂತಿದ್ದೆ.

ಇನ್ನು ಊರೋರ ಹತ್ರ ಸರ್ವೆ. "ನೀರು ಚೆನ್ನಾಗಿದ್ಯಾ?" ಅಂತ ಕೇಳಿದ್ರೆ ಪಾರ್ಟಿ ಪ್ರಕಾರ ಉತ್ತರ ಬರೋದು, ಆ ಪ್ರಶ್ನೆ ಕಿತ್ತಾಕಿ "ಮೋಟ್ರು ಎಷ್ಟು ಗಂಟೆ ಓಡುತ್ತೆ?" ಅಂತ ಕೇಳೋಕೆ ಶುರು ಮಾಡ್ದೆ, ಆಮೇಲೆ ಸಿಕ್ತು ಸರಿಯಾದ ಲೆಕ್ಕ. ಹಿಸ್ಟರಿ ಸರ್ ನೀರುಗಂಟಿ ಮನೆ ಹುಡುಕು ಅಂದಿದ್ರು. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚ್ತಿದ್ದ ಮನೆತನದ ತಾತ ಸಿಕ್ಕಿದ್ರು, ಈಗ ಕೆರೆ ತುಂಬಿದ್ರೂ ತೂಬು ಎತ್ತಂಗಿಲ್ಲ. 1200 ಅಡಿ ಕೊರೆಸಿದ್ರೂ ಧೂಳೇ ಬಂದಿತ್ತಂತೆ, ಈಗ ಹಳೇ ಬೋರಲ್ಲೇ ಎರಡಿಂಚು ನೀರು.

"ಅದಿರ್ಲಿ, ಈ ಬೋರ್ ನೀರು ಕುಡೀಬೋದಾ ಮಗಾ?" ಅಂದ್ರು. ಅದಕ್ಕೆ ಸೀಸ, ಕ್ಯಾಡ್ಮಿಯಂ ಎಲ್ಲಾ ನೋಡ್ಬೇಕು, ನಮ್ಮ ಲ್ಯಾಬಲ್ಲಿ ಆ ಮಿಷಿನ್ ಇಲ್ಲ ತಾತ ಅಂದೆ. "ಹಂಗಾದ್ರೆ ಇಷ್ಟು ದಿನ ಏನ್ ನೋಡ್ದೆ?" ಅಂತ ಕೇಳಿ, ಟೀ ಕೊಟ್ರು, ಅದೇ ನೀರಿನ ಟೀ. ಕುಡಿದೆ.