ಹುಲ್ಲಿನಡಿಯ ಕಂದಕವನ್ನು ಓದುವ ಬಗೆ

ಇಂಗ್ಲೆಂಡಿನ ಹುಲ್ಲುಗಾವಲೊಂದರಲ್ಲಿ ಚೌಕಾಕಾರದ ಅಗಲವಾದ ತಗ್ಗೂ ಅದರ ನಡುವೆ ಸಮತಟ್ಟಾದ ದಿಬ್ಬವೂ ಕಂಡರೆ, ಅಲ್ಲಿ ಮಧ್ಯಯುಗದ ಜಮೀನುದಾರನ ಮನೆಯೊಂದು ಇದ್ದಿರಬಹುದು. ಇಂತಹ ಸುಮಾರು 6,000 ಕಂದಕ ನೆಲೆಗಳು ಆ ದೇಶದಲ್ಲಿ ಗುರುತಾಗಿವೆ. ಅವುಗಳನ್ನು ತೋಡಿದ ಕೆಲಸ 1250ರಿಂದ 1350ರ ನಡುವೆ ಅತ್ಯಂತ ಬಿರುಸಾಗಿತ್ತು. ಎಸೆಕ್ಸ್, ಸಫಕ್ ಮೊದಲಾದ ಪೂರ್ವದ ಕೌಂಟಿಗಳ (ಜಿಲ್ಲೆಗಳ) ಜೇಡಿಮಣ್ಣಿನಲ್ಲಿ ಅವು ದಟ್ಟವಾಗಿವೆ.

ಇಂತಹ ನೆಲೆಯೊಂದನ್ನು ನೋಡಲು ಹೊರಡುವ ಮೊದಲು ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆಯು ಉಚಿತವಾಗಿ ಒದಗಿಸುವ ಲೈಡಾರ್ ಚಿತ್ರಗಳನ್ನು ನೋಡಬೇಕು. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರಿಳಿತವನ್ನು ಅಳೆದಿರುವ ಈ ಚಿತ್ರಗಳಲ್ಲಿ, ಗಿಡಮರಗಳ ಮರೆಯಲ್ಲಿರುವ ತಗ್ಗುಗಳೂ ಕಾಣುತ್ತವೆ. ಬಳಿಕ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳಲ್ಲಿ ಗಾಥಿಕ್ ಎಂಬ ಹಳೆಯ ಶೈಲಿಯ ಅಕ್ಷರಗಳಲ್ಲಿ ‘ಮೋಟ್’ (ಕಂದಕ) ಎಂದು ಬರೆದಿದೆಯೇ ಎಂದು ಪರಿಶೀಲಿಸಬೇಕು.

ಭೇಟಿಗೆ ಚಳಿಗಾಲವೇ ತಕ್ಕ ಕಾಲ. ಹುಲ್ಲು ಗಿಡ್ಡವಾಗಿದ್ದು ಸೂರ್ಯ ಕೆಳಗಿರುವಾಗ, ಒಂದು ಗೇಣಿನಷ್ಟು ಎತ್ತರದ ಏರೂ ನೆರಳು ಚೆಲ್ಲಿ ತನ್ನನ್ನು ತೋರಿಸಿಕೊಡುತ್ತದೆ. ಸಾರ್ವಜನಿಕ ಕಾಲುದಾರಿಯನ್ನು ಬಿಟ್ಟು ಹೋಗುವುದಾದರೆ ಜಮೀನಿನ ಒಡೆಯರ ಅನುಮತಿ ಪಡೆಯಬೇಕು.

ಸ್ಥಳ ತಲುಪಿದೊಡನೆ ನಡುದಿಬ್ಬಕ್ಕೆ ಹತ್ತದೆ, ಮೊದಲು ಹೊರಗಿನಿಂದ ಪೂರ್ತಿ ಒಂದು ಸುತ್ತು ಬಂದು ನೀರಿನ ಜಾಡನ್ನು ಹುಡುಕಬೇಕು. ನನ್ನ ಅನುಭವದಲ್ಲಿ ಇಡೀ ನೆಲೆಯನ್ನು ಬಿಡಿಸಿ ಹೇಳುವುದು ಇದೇ. ಕೆರೆಯ ಏರಿ, ಕಾಲುವೆ, ಕೋಡಿಗಳನ್ನು ಬಲ್ಲ ಕಣ್ಣಿಗೆ ಇದು ಕಷ್ಟವಲ್ಲ: ನೆಲ ಇಳಿಜಾರಾಗಿದ್ದರೆ ತಗ್ಗಿನ ಬದಿಯಲ್ಲಿ ನೀರು ಹಿಡಿದಿಡಲು ಕಟ್ಟಿದ ಮಣ್ಣಿನ ಏರಿ ಇರುತ್ತದೆ, ಹಳ್ಳದಿಂದ ನೀರು ತಂದ ಕಾಲುವೆ ಎಲ್ಲಿ ಸೇರುತ್ತಿತ್ತು, ಹೆಚ್ಚಿನ ನೀರು ಎಲ್ಲಿಂದ ಹೊರಬೀಳುತ್ತಿತ್ತು ಎಂಬುದೂ ಹಲವೆಡೆ ತಿಳಿಯುತ್ತದೆ. ಪಕ್ಕದಲ್ಲಿ ಉದ್ದನೆಯ ಆಯತಾಕಾರದ ಹೊಂಡಗಳಿದ್ದರೆ ಅವು ಮೀನು ಸಾಕಿದ ಕೊಳಗಳಾಗಿರಬಹುದು. ಕಂದಕ ಕಂಡೊಡನೆ ಕೋಟೆಯೆಂದು ಭಾವಿಸಬಾರದು. ಕೆಲವು ಕಂದಕಗಳು ಮೂರೇ ಬದಿಗೆ ನಿಂತುಬಿಡುತ್ತವೆ, ಅನೇಕ ಕಡೆ ರಕ್ಷಣೆಗಿಂತ ಮನೆತನದ ಪ್ರತಿಷ್ಠೆಯೇ ಮುಖ್ಯವಾಗಿತ್ತು.

ಕಂದಕಕ್ಕೆ ಅಡ್ಡಲಾಗಿರುವ ಮಣ್ಣಿನ ದಾರಿಯನ್ನು ಹಳೆಯ ಪ್ರವೇಶವೆಂದು ಕೂಡಲೇ ನಂಬುವುದೂ ತಪ್ಪು. ಮೊದಲು ಅಲ್ಲಿ ಮರದ ಸೇತುವೆಯಿದ್ದು, ದನಗಳು ದಾಟಲೆಂದು ಯಾರೋ ನಂತರ ಮಣ್ಣು ತುಂಬಿರಬಹುದು. ಸುತ್ತಲಿನ ಹೊಲದ ಹಳೆಯ ಉಳುಮೆಯ ದಿಂಡುಗಳನ್ನೂ ಗಮನಿಸಬೇಕು: ಅವು ಕಂದಕದ ಅಂಚಿನಲ್ಲಿ ತುಂಡಾಗಿ ಆಚೆ ಬದಿಯಲ್ಲಿ ಅದೇ ನೇರಕ್ಕೆ ಮುಂದುವರಿದಿದ್ದರೆ, ಉಳುತ್ತಿದ್ದ ಹೊಲದಲ್ಲೇ ಕಂದಕವನ್ನು ತೋಡಿದರೆಂದು ತಿಳಿಯಬಹುದು.

ಕಂಡದ್ದನ್ನು ಅಳತೆ ಪಟ್ಟಿ, ದಿಕ್ಸೂಚಿಗಳ ನೆರವಿನಿಂದ ನಕ್ಷೆ ಮಾಡಿಕೊಳ್ಳಬೇಕು. ಇಳಿಜಾರನ್ನು ಗೊದಮೊಟ್ಟೆಯಂತಹ ಗೆರೆಗಳಿಂದ ತೋರಿಸುವುದು ರೂಢಿ. ದಪ್ಪ ತಲೆ ಮೇಲಂಚಿಗೆ, ಬಾಲ ಇಳಿಯುವ ಕಡೆಗೆ. ಅಗೆಯುವುದು ಮಾತ್ರ ಸಲ್ಲದು. ಕಂದಕದ ಒದ್ದೆ ಕೆಸರಿಗೆ ಗಾಳಿ ತಾಗದ ಕಾರಣ ಅದರಲ್ಲಿ ಮರ, ತೊಗಲು ಶತಮಾನಗಳ ಕಾಲ ಉಳಿದಿರುತ್ತವೆ. ಒಮ್ಮೆ ಕೆದಕಿದರೆ ಅವು ಕೊಳೆಯತೊಡಗುತ್ತವೆ. ಸಂರಕ್ಷಿತ ಪಟ್ಟಿಯಲ್ಲಿರುವ ನೆಲೆಯಲ್ಲಿ ಅನುಮತಿಯಿಲ್ಲದೆ ಅಗೆಯುವುದೂ ಲೋಹಶೋಧಕ ಬಳಸುವುದೂ ಪ್ರಾಚೀನ ಸ್ಮಾರಕಗಳ ಕುರಿತ 1979ರ ಕಾಯಿದೆಯಂತೆ ಅಪರಾಧ. ಮುಗಿದ ನಕ್ಷೆಯಲ್ಲಿ ದಿನಾಂಕ, ಹುಲ್ಲಿನ ಎತ್ತರ, ಬೆಳಕು ಬಂದ ದಿಕ್ಕು ಇವನ್ನೂ ಬರೆದು, ಅದರ ಒಂದು ಪ್ರತಿಯನ್ನು ಆಯಾ ಕೌಂಟಿಯ ಪುರಾತತ್ವ ದಾಖಲೆ ವಿಭಾಗಕ್ಕೆ ಕಳುಹಿಸಬೇಕು.